ವೈಫೈ ಆರಿಸಿದರೆ ಬ್ಯಾಟರಿ ಉಳಿಯುವುದೇ?

ರಜೆ ಬಂದೊಡನೆ ನಮ್ಮಲ್ಲಿ ಅನೇಕ ಕುಟುಂಬಗಳು ಕೊಯಮತ್ತೂರು, ತಿರುಪ್ಪೂರುಗಳಿಂದ ಚಾಮರಾಜನಗರ, ಮೈಸೂರುಗಳ ಕಡೆಗೆ ಹೊರಡುತ್ತವೆ. ಸತ್ಯಮಂಗಲವನ್ನು ದಾಟಿ, ಬಣ್ಣಾರಿ ಅಮ್ಮನಿಗೆ ಕೈಮುಗಿದು, 27 ತಿರುವುಗಳ ದಿಂಬಂ ಘಾಟಿಯನ್ನೇರಿ ಕಾಡಿನ ನಡುವೆ ಸಾಗುವ ದಾರಿಯದು. ಹೊರಡುವಾಗ ತುಂಬಿದ್ದ ಬ್ಯಾಟರಿ, ಫೋನನ್ನು ಯಾರೂ ಮುಟ್ಟದಿದ್ದರೂ, ಗಡಿ ದಾಟುವ ವೇಳೆಗೆ ಬಹಳಷ್ಟು ಕರಗಿರುವುದುಂಟು. ಆಗ “ವೈಫೈ ಆರಿಸಲು ಮರೆತೆವು” ಎಂದು ಪರಿತಪಿಸುತ್ತೇವೆ. ಆದರೆ ಅಲ್ಲಿ ಮುಖ್ಯ ಅಪರಾಧಿ ವೈಫೈ ಅಲ್ಲ.

ಮೊಬೈಲ್ ಗೋಪುರ ದೂರವಾದಷ್ಟೂ ಫೋನು ತನ್ನ ದನಿಯನ್ನು ಏರಿಸಬೇಕಾಗುತ್ತದೆ. ಸಾಮಾನ್ಯ 4ಜಿ ಫೋನು ಹೀಗೆ ಸುಮಾರು 200 ಮಿಲಿವ್ಯಾಟ್‌ಗಳವರೆಗೂ ಸಂಕೇತಶಕ್ತಿಯನ್ನು ಬೀರಬಲ್ಲದು. ಸಂಕೇತವೇ ಇಲ್ಲದ ಕಣಿವೆಯಲ್ಲಿಯಾದರೋ ಅದು ಗೋಪುರವನ್ನು ಮತ್ತೆ ಮತ್ತೆ ಅರಸುತ್ತದೆ. ಜೇಬಿನಲ್ಲಿ ಸುಮ್ಮನಿದ್ದಂತೆ ಕಂಡರೂ ಅದಕ್ಕೆ ವಿಶ್ರಾಂತಿಯಿಲ್ಲ.

ಮನೆಯೊಳಗಿನ ವೈಫೈ ಇದಕ್ಕೆ ವಿರುದ್ಧವಾದುದು. ರೂಟರು ಕೆಲವೇ ಮಾರು ದೂರದಲ್ಲಿರುತ್ತದೆ. ಅದು ಸೆಕೆಂಡಿಗೆ ಸುಮಾರು 10 ಬಾರಿ ಕಿರು ಸಂಕೇತವೊಂದನ್ನು ಕಳುಹಿಸುತ್ತದೆ. ಕೆಲಸವಿಲ್ಲದಾಗ ಫೋನಿನ ವೈಫೈ ಭಾಗವು ನಿದ್ರಿಸುತ್ತಿದ್ದು, ನಡುನಡುವೆ ಮಾತ್ರ ಎಚ್ಚೆತ್ತು ತನಗೇನಾದರೂ ಬಂದಿದೆಯೇ ಎಂದು ವಿಚಾರಿಸುತ್ತದೆ. ಅಲ್ಲಿಯವರೆಗೆ ಬಂದುದನ್ನು ರೂಟರೇ ಕಾದಿರಿಸಿರುತ್ತದೆ. ಆದುದರಿಂದ ಬ್ಯಾಟರಿ ಉಳಿಸಲೆಂದು ಮನೆಯಲ್ಲಿ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಮಕ್ಕಳ ಪಾಠಗಳನ್ನು ಇಳಿಸಿಕೊಳ್ಳುವುದು ಸಾಮಾನ್ಯವಾಗಿ ನಷ್ಟದ ಬಾಬತ್ತು. ಒಳಕೋಣೆಯಲ್ಲಿ ವೈಫೈ ಕ್ಷೀಣವಾಗಿದ್ದರೆ 2.4 ಗಿಗಾಹರ್ಟ್ಸ್ ಜಾಲವನ್ನು ಆರಿಸಿಕೊಳ್ಳಿರಿ. 5 ಗಿಗಾಹರ್ಟ್ಸ್‌ಗಿಂತ ಅದು ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ.

ಮನೆಯಿಂದ ಹೊರಗೆ ಮಾತ್ರ ವೈಫೈ ಆರಿಸುವುದರಲ್ಲಿ ಅರ್ಥವಿದೆ. ಜಾಲವಿಲ್ಲದೆಡೆ ಅದೂ ಹುಡುಕಾಟಕ್ಕೆ ತೊಡಗುತ್ತದೆ. ಆದರೆ ಗುಂಡಿಯೊಂದನ್ನು ಒತ್ತಿದ ಮಾತ್ರಕ್ಕೆ ಈ ಕೆಲಸ ಮುಗಿಯದು. ಆಂಡ್ರಾಯ್ಡ್ ಫೋನುಗಳಲ್ಲಿ ವೈಫೈ ಆರಿಸಿದ ಮೇಲೂ, ಸ್ಥಳವನ್ನು ಗುರುತಿಸುವ ಸಲುವಾಗಿ ಸುತ್ತಲಿನ ಜಾಲಗಳ ಶೋಧನೆ ನಡೆಯಬಹುದು. ಸೆಟ್ಟಿಂಗ್ಸ್‌ನ ಲೊಕೇಶನ್ ವಿಭಾಗದಲ್ಲಿ “ವೈಫೈ ಸ್ಕ್ಯಾನಿಂಗ್” ಎಂಬುದನ್ನು ಹುಡುಕಿ ನಿಲ್ಲಿಸಿರಿ. ಫೋನಿನ ತಯಾರಿಕೆಗೆ ತಕ್ಕಂತೆ ಅದರ ಜಾಗ ತುಸು ಬದಲಾಗುತ್ತದೆ. ಐಫೋನಿನಲ್ಲಿ ಕಂಟ್ರೋಲ್ ಸೆಂಟರಿನ ಗುರುತನ್ನು ಒತ್ತಿದರೆ ಸಂಪರ್ಕ ಕಡಿಯುತ್ತದೆಯೇ ಹೊರತು ವೈಫೈ ಪೂರ್ತಿ ಆರುವುದಿಲ್ಲ. ಮುಂಜಾನೆ 5 ಗಂಟೆಗೆ ತಾನಾಗಿ ಮತ್ತೆ ಜಾಲಕ್ಕೆ ಸೇರಲು ಅದು ಸಿದ್ಧವಾಗುತ್ತದೆ. ಪೂರ್ತಿ ಆರಿಸಲು ಸೆಟ್ಟಿಂಗ್ಸ್‌ಗೇ ಹೋಗಬೇಕು.

ಹಾಟ್‌ಸ್ಪಾಟಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ತಂದೆಯ ಫೋನಿನಿಂದ ಮಗಳು ಪಾಠ ನೋಡುವ ಹೊತ್ತಿನಲ್ಲಿ ಆ ಫೋನು ಗೋಪುರದೊಡನೆಯೂ ಮಾತನಾಡಬೇಕು, ಮಗಳ ಫೋನಿಗೆ ರೂಟರೂ ಆಗಬೇಕು. ಪಾಠ ಮುಗಿದರೂ ಅದನ್ನು ಆರಿಸದೆ ತಂದೆ ಬನಿಯನ್ ಕಾರ್ಖಾನೆಯ ರಾತ್ರಿ ಪಾಳಿಗೆ ಹೊರಟರೆ, ನಡುರಾತ್ರಿ ಮನೆಯಿಂದ ತುರ್ತು ಕರೆ ಬಂದಾಗ ಫೋನು ಮೂಕವಾಗಿದ್ದೀತು. ಯಾರೂ ಬಳಸದಿರುವಾಗ ಹಾಟ್‌ಸ್ಪಾಟ್ ತಾನಾಗಿ ಆರುವ ಸೌಲಭ್ಯ ಅನೇಕ ಫೋನುಗಳಲ್ಲಿದೆ; ಅದನ್ನು ಇಂದೇ ಚಾಲೂ ಮಾಡಿಡಿರಿ.

ಇನ್ನು ಘಾಟಿಯ ದಾರಿ. ಮಕ್ಕಳಿಗೆ ಬೇಕಾದ ಪಾಠಗಳನ್ನು ಹಿಂದಿನ ರಾತ್ರಿಯೇ ಮನೆಯ ವೈಫೈಯಲ್ಲಿ ಇಳಿಸಿಕೊಳ್ಳಿರಿ. ಬಣ್ಣಾರಿಯಲ್ಲಿ ಮನೆಗೊಂದು ಕರೆ ಮಾಡಿ, “ಚಾಮರಾಜನಗರ ತಲುಪಿ ನಾವೇ ಮಾತನಾಡುತ್ತೇವೆ, ಅಲ್ಲಿಯವರೆಗೆ ಗಾಬರಿಯಾಗಬೇಡಿ” ಎಂದು ಹಿರಿಯರಿಗೆ ತಿಳಿಸಿರಿ. ಬಳಿಕ ಏರೋಪ್ಲೇನ್ ಮೋಡ್ ಹಾಕಿದರೆ ಹುಡುಕಾಟ ನಿಲ್ಲುತ್ತದೆ. ದಾರಿಯಲ್ಲಿ ವಾಹನ ಕೆಟ್ಟರೆ ಅಥವಾ ಮಗುವಿಗೆ ಸೌಖ್ಯ ತಪ್ಪಿದರೆ ಆ ಮೋಡನ್ನು ತೆಗೆದು 112ಕ್ಕೆ ಕರೆ ಮಾಡಿರಿ. ನಿಮ್ಮ ಕಂಪನಿಯ ಸಂಕೇತವಿಲ್ಲದಿದ್ದರೂ, ಬೇರಾವುದಾದರೂ ಕಂಪನಿಯ ಸಂಕೇತ ಸಿಕ್ಕರೆ ತುರ್ತು ಕರೆ ಅದರ ಮೂಲಕ ಹೋಗಬಲ್ಲದು. ಆದರೆ ಬ್ಯಾಟರಿ ಬರಿದಾಗಿದ್ದರೆ ಯಾವ ಸಂಕೇತವಿದ್ದೂ ಫಲವಿಲ್ಲ. ಮನೆಗೆಲ್ಲ ಇರುವುದು ಒಂದೇ ಫೋನಾದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ.