ಎಂ.ಆರ್.ಐ. ಪರೀಕ್ಷೆ ಮತ್ತು ಕೊರಳಿನ ಕರಡಿಗೆ

ಬೆನ್ನುಹುರಿಯ ತೊಂದರೆ, ಪಾರ್ಶ್ವವಾಯು, ಮೊಣಕಾಲಿನ ಪೆಟ್ಟು ಮೊದಲಾದವುಗಳಿಗೆ ವೈದ್ಯರು ಎಂ.ಆರ್.ಐ. ಸ್ಕ್ಯಾನ್ ಸೂಚಿಸುವುದು ಈಗ ಸಾಮಾನ್ಯವಾಗಿದೆ. ‘ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಿ’ ಎಂದು ಅಲ್ಲಿನ ಸಿಬ್ಬಂದಿ ಹೇಳಿದಾಗ ಲಿಂಗಧಾರಿಗಳಾದ ಸದ್ಭಕ್ತರಿಗೆ ಧರ್ಮಸಂಕಟ ಎದುರಾಗುತ್ತದೆ. ಕರಡಿಗೆಯನ್ನು ಅಂಗಿಯೊಳಗೆ ಮರೆಮಾಡಿಕೊಂಡು ಹೋಗಬೇಕೆನ್ನುವವರೂ ಉಂಟು, ಪರೀಕ್ಷೆಯೇ ಬೇಡವೆನ್ನುವವರೂ ಉಂಟು. ಇವೆರಡೂ ತಕ್ಕ ನಡೆಯಲ್ಲವೆಂಬುದು ನಮ್ಮ ಅಭಿಪ್ರಾಯ.

ಎಂ.ಆರ್.ಐ. ಯಂತ್ರದಲ್ಲಿ ಕ್ಷ-ಕಿರಣಗಳಿಲ್ಲ. ಪ್ರಬಲವಾದ ಅಯಸ್ಕಾಂತ ಹಾಗೂ ರೇಡಿಯೋ ತರಂಗಗಳ ನೆರವಿನಿಂದ ಅದು ದೇಹದೊಳಗಿನ ಚಿತ್ರವನ್ನು ಮೂಡಿಸುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಯಂತ್ರಗಳ ಬಲ 1.5 ಅಥವಾ 3 ಟೆಸ್ಲಾ. ಇದು ಭೂಮಿಯ ಕಾಂತಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಅಧಿಕ. ಚಿತ್ರ ತೆಗೆಯದಿರುವಾಗಲೂ ಈ ಸೆಳೆತ ಇದ್ದೇ ಇರುತ್ತದೆ. 2018ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆಗೆ ಬಂದಿದ್ದ ಬಂಧುವೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೊಕ್ಕಾಗ, ಯಂತ್ರವು ಸಿಲಿಂಡರನ್ನು ಸೆಳೆದುಕೊಂಡು ಅವರು ಪ್ರಾಣ ಕಳೆದುಕೊಂಡರು. ಆದುದರಿಂದ ಎಚ್ಚರಿಕೆ ರೋಗಿಗಷ್ಟೇ ಅಲ್ಲ, ಜೊತೆಗೆ ಹೋಗುವವರಿಗೂ ಬೇಕು.

‘ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲವಲ್ಲ?’ ಎಂದು ಕೆಲವರು ಕೇಳಬಹುದು. ಮಾತು ನಿಜ. ಆದರೆ ಬೆಳ್ಳಿಯು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ಲೋಹ. ರೇಡಿಯೋ ತರಂಗಗಳಿಂದ ಅದರಲ್ಲಿ ವಿದ್ಯುತ್ ಹುಟ್ಟಿ, ಕಾವೇರಿ, ಚರ್ಮ ಸುಡುವ ಸಂಭವವಿದೆ. ಕರಡಿಗೆಯ ಕೊಂಡಿಯಲ್ಲಿ ಉಕ್ಕು ಬೆರೆತಿದ್ದರೆ ಸೆಳೆತದ ಅಪಾಯವೂ ಸೇರಿತು. ಲೋಹವಿದ್ದ ಎಡೆಯಲ್ಲಿ ಚಿತ್ರ ಕೆಡುವುದರಿಂದ ಕಾಣಬೇಕಾದ ರೋಗವೇ ಕಾಣದೆ ಹೋಗಬಹುದು. ಮಾಂಗಲ್ಯ, ಮೂಗುತಿ, ಕಾಲುಂಗುರ, ಬೆಳ್ಳಿಯ ಉಡಿದಾರ, ತಾಯಿತ, ಕೂದಲಿನ ಪಿನ್ನು ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ನಿಷ್ಠೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಶರಣರು ಕಾಯವನ್ನು ಕಡೆಗಣಿಸಿದವರಲ್ಲ. ಲಿಂಗಪೂಜೆಗೂ ಕಾಯಕಕ್ಕೂ ಈ ದೇಹವೇ ಆಧಾರ. ಅದನ್ನು ಉಳಿಸಿಕೊಳ್ಳಲು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕರಡಿಗೆಯನ್ನು ತೆಗೆದಿಟ್ಟರೆ ಭಕ್ತಿಗೆ ಚ್ಯುತಿ ಬಾರದೆಂದು ನಾವು ನಂಬಿದ್ದೇವೆ. ಮನಸ್ಸು ಒಪ್ಪದಿದ್ದರೆ ಮುಂಚಿತವಾಗಿಯೇ ತಮ್ಮ ಗುರುಗಳಲ್ಲಿ ಅರಿಕೆ ಮಾಡಿಕೊಳ್ಳಿರಿ. ಆ ದಿನ ಮನೆಯಲ್ಲಿ ಪೂಜೆ ಮುಗಿಸಿ ಹೊರಡಿರಿ. ಲಿಂಗಧಾರಿಗಳಾದ ಮನೆಯವರೊಬ್ಬರು ಶುಭ್ರ ವಸ್ತ್ರದಲ್ಲಿ ಲಿಂಗವನ್ನು ಹಿಡಿದು ಹೊರಗೆ ಕುಳಿತಿರಲಿ. ಪರೀಕ್ಷೆ ಮುಗಿದೊಡನೆ ಭಸ್ಮಧಾರಣೆ ಮಾಡಿ ಮತ್ತೆ ಧರಿಸಿಕೊಳ್ಳಬಹುದು. ಒಳಗೆ ಯಂತ್ರದ ಬಡಿತದ ಸದ್ದು ಜೋರಾಗಿರುತ್ತದೆ. ಕಿವಿಗೆ ರಕ್ಷಣೆ ಕೊಡುತ್ತಾರೆ. ಅಲುಗಾಡದೆ ಮಲಗಿ ಮನದಲ್ಲಿಯೇ ಷಡಕ್ಷರಿಯನ್ನು ಜಪಿಸಿದರೆ ಅಂಜಿಕೆಯೂ ತಗ್ಗೀತು.

ತೆಗೆದಿಡಲಾಗದ ಲೋಹದ ವಿಷಯ ಇನ್ನೂ ಗಂಭೀರವಾದುದು. ಹೃದಯದ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಶ್ರವಣಯಂತ್ರ, ಮೂಳೆಯ ರಾಡು, ಸ್ಟೆಂಟ್ ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತಿಳಿಸಿ, ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಒಯ್ಯಬೇಕು. ಇವುಗಳಲ್ಲಿ ಹಲವು ಎಂ.ಆರ್.ಐ.ಗೆ ಹೊಂದುವಂಥವೇ, ಆದರೆ ಅದನ್ನು ನಿರ್ಣಯಿಸಬೇಕಾದವರು ತಜ್ಞರು. ವೆಲ್ಡಿಂಗ್ ಅಥವಾ ಲೇತ್ ಕೆಲಸ ಮಾಡುವವರ ಕಣ್ಣಿನಲ್ಲಿ ಕಬ್ಬಿಣದ ಚೂರು ಸೇರಿಕೊಂಡಿರಬಹುದು. ಅಂಥವರು ತಮ್ಮ ಕಾಯಕವನ್ನು ತಪ್ಪದೆ ಹೇಳಬೇಕು. ಗರ್ಭಿಣಿಯರು ಆ ವಿಷಯವನ್ನೂ, ಮೂತ್ರಪಿಂಡದ ಕಾಯಿಲೆಯುಳ್ಳವರು ಬಣ್ಣದ ಚುಚ್ಚುಮದ್ದು ಕೊಡುವ ಮುನ್ನ ತಮ್ಮ ರೋಗವನ್ನೂ ಮುಚ್ಚಿಡಬಾರದು.

ಆಸ್ಪತ್ರೆಯವರಲ್ಲಿಯೂ ನಮ್ಮದೊಂದು ಬಿನ್ನಹ. ‘ಸರ ತೆಗೆಯಿರಿ’ ಎಂದು ಗದರುವ ಬದಲು ಕಾರಣವನ್ನು ತಿಳಿಹೇಳಿ, ಲಿಂಗವನ್ನು ಇರಿಸಲು ಒಂದು ಶುಚಿಯಾದ ಸ್ಥಳ ತೋರಿಸಿದರೆ ಯಾವ ಭಕ್ತನೂ ಅದನ್ನು ಬಚ್ಚಿಡುವುದಿಲ್ಲ. ಭಕ್ತರಾದರೂ ಸತ್ಯವನ್ನು ಮರೆಮಾಚಿ ಅಪಾಯವನ್ನು ಆಹ್ವಾನಿಸುವುದು ಬೇಡ. ವೈದ್ಯರ ಮುಂದೆ ನಿಜವನ್ನು ನುಡಿಯುವುದೂ ಶರಣಮಾರ್ಗವೇ ಆಗಿದೆ.