ಏಳು ತಾಸು ಕರೆಂಟು, ಏಳು ತಾಸು ನಿದ್ದಿ

ಈ ಸಲ ಲಿಂಬಿ ದರ, ಕಬ್ಬಿನ ಬಿಲ್ಲು, ತೊಗರಿ ಹುಳ ಯಾವುದೂ ಬರೆಯೂದಿಲ್ಲ. ನಿದ್ದಿ ಬಗ್ಗೆ ಬರೀತೀನಿ. ನಗಬ್ಯಾಡ್ರಿ, ಪೂರ್ತಿ ಓದ್ರಿ.

ಹೋದ ತಿಂಗಳ ಬಿಪಿ ತೋರಿಸಾಕ ದವಾಖಾನಿಗೆ ಹೋಗಿದ್ದೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿ, "ರಾತ್ರಿ ಎಷ್ಟು ತಾಸು ಮಲಗ್ತೀರಿ?" ಅಂತ ಕೇಳಿದ್ರು. ನಾನು, "ಯಾವ ವಾರದ್ದು ಕೇಳ್ತೀರಿ ಸರ್? ಹಗಲ ಪಾಳಿದೋ, ರಾತ್ರಿ ಪಾಳಿದೋ?" ಅಂದೆ. ಅವರಿಗೆ ತಿಳೀಲಿಲ್ಲ. "ಯಾವ ಫ್ಯಾಕ್ಟರಿಯೊಳಗ ಇದ್ದೀರಿ?" ಅಂದ್ರು. "ಫ್ಯಾಕ್ಟರಿ ಅಲ್ರಿ ಸರ್, ಹೊಲ" ಅಂದೆ. ಗುಳಿಗಿ ಬರದುಕೊಟ್ರು. "ದಿನಾ ಏಳು ತಾಸರೆ ನಿದ್ದಿ ಮಾಡ್ರಿ, ಇಲ್ಲಂದ್ರ ಈ ಗುಳಿಗಿಯಿಂದ ಏನೂ ಉಪಯೋಗ ಇಲ್ಲ" ಅಂತ ಹೇಳಿ ಕಳಿಸಿದ್ರು.

ಬಸ್ಸಿನ್ಯಾಗ ಬರೂಮುಂದ ಅದೇ ತಲ್ಯಾಗ ಕುಂತಿತು. ಸರ್ಕಾರ ನಮ್ಮ ಪಂಪಸೆಟ್ಟಿಗೆ ಥ್ರೀ ಫೇಸ್ ಕರೆಂಟು ಕೊಡ್ತೀನಿ ಅಂತ ಹೇಳೂದೂ ಏಳು ತಾಸು. 2023ರ ಬರದಾಗ ಅದು ಐದಕ್ಕ ಇಳಿದಿತ್ತು, ಆಮ್ಯಾಲ ನವೆಂಬರದಾಗ ಮುಖ್ಯಮಂತ್ರಿಗಳು ಮತ್ತ ಏಳು ಅಂದ್ರು. ಡಾಕ್ಟರು ಹೇಳೂದೂ ಏಳು ತಾಸು. ಕರೆಂಟಿನ ಏಳು ತಾಸು ಮತ್ತು ನಿದ್ದಿಯ ಏಳು ತಾಸು, ಎರಡನ್ನೂ ಒಂದೇ ರಾತ್ರಿಯೊಳಗ ತಂದು ಇಟ್ಟಾರ. ಒಂದು ಬೇಕಂದ್ರ ಇನ್ನೊಂದು ಬಿಡಬೇಕು. ನಾವು ಬೆಳಿ ಉಳಿಸ್ಕೊಂಡು ನಿದ್ದಿ ಬಿಟ್ಟೀವಿ. ಇದು ಅನ್ಯಾಯ. ಇಷ್ಟು ವರ್ಷ ಇದನ್ನ ಅನ್ಯಾಯ ಅಂತ ನಾವು ಅನ್ನಲೇ ಇಲ್ಲ. ಅದು ನಮ್ಮ ತಪ್ಪು.

ರಾತ್ರಿ ಪಾಳಿ ಅಂದ್ರ ಏನು ಅಂತ ನಿಮಗ ನಾ ಹೇಳಬೇಕಾಗಿಲ್ಲ. ಆದ್ರೂ ಪಟ್ಟಣದಾಗ ಇರೋ ನಿಮ್ಮ ಮಕ್ಕಳು ಓದಲಿ ಅಂತ ಬರೀತೀನಿ. ಹತ್ತಕ್ಕ ಬರ್ತದ ಅಂದ ಕರೆಂಟು ಹನ್ನೊಂದೂವರೆಗೆ ಬರ್ತದ. ಅಲ್ಲೀತನಕ ಮಲಗಂಗಿಲ್ಲ, ಯಾಕಂದ್ರ ಕಣ್ಣು ಹತ್ತಿದ್ರ ಪಾಳಿ ಹೋತು. ಬಂದ ಮ್ಯಾಲ ಸ್ಟಾರ್ಟರ್ ಒತ್ತಬೇಕು, ನಡಬರಕ ಎರಡು ಸಲ ಟ್ರಿಪ್ ಆಗ್ತದ, ಮತ್ತ ಹೋಗಿ ಒತ್ತಬೇಕು. ಒಂದು ಕೈಯಾಗ ಬ್ಯಾಟರಿ, ಇನ್ನೊಂದು ಕೈಯಾಗ ಸಲಿಕಿ. ಹಸಿ ಕೈ, ಅರೆ ನಿದ್ದಿ, ಮುಚ್ಚಳ ಮುರದ ಸ್ಟಾರ್ಟರ್ ಪೆಟಿಗಿ. ಸೊಲ್ಲಾಪುರ ಕಡೆ ಹೋಗೋ ಗಾಡಿ ಸಪ್ಪಳ ಕೇಳಿದಾಗ ಇಷ್ಟು ಗಂಟಿ ಆತು ಅಂತ ಗೊತ್ತಾಗ್ತದ. ನಸುಕಿನ್ಯಾಗ ಮನಿಗೆ ಬಂದ್ರ ಆಕಳು ಒದರತಿರ್ತದ, ಹಾಲು ಹಿಂಡೂದು, ಹಾಲು ಹಾಕೂದು, ಹುಡುಗರ ಸಾಲಿ. ಮಲಗೂದು ಯಾವಾಗ?

ನಾಲ್ಕು ವರ್ಷದ ಹಿಂದ ನನಗ ಆದದ್ದು ಹೇಳ್ತೀನಿ. ಸತತ ಐದನೇ ರಾತ್ರಿ ಕಬ್ಬಿಗೆ ನೀರು ಬಿಟ್ಟಿದ್ದೆ. ಎರಡೂವರೆ ಸುಮಾರಿಗೆ "ಒಂದು ಸಾಲು ತುಂಬೂತನಕ ಕೂಡೂಣು" ಅಂತ ಒಡ್ಡಿನ ಮ್ಯಾಲ ಕುಂತೆ. ಎಚ್ಚರ ಆದಾಗ ಮೂಡಣ ಬೆಳ್ಳಗಾಗಿತ್ತು. ನೀರು ನನ್ನ ಕಾಲುವಿ ಒಡದು ಬಾಜು ಹೊಲಕ್ಕ ಹೋಗಿತ್ತು. ಅಲ್ಲಿ ಕಿತ್ತು ಒಣಾಕ ಹಾಕಿದ್ದ ಉಳ್ಳಾಗಡ್ಡಿ. ಅರ್ಧ ಎಕರೆ ಮಾಲು ನೀರಾಗ ಕುಂತಿತ್ತು. ಆ ಹೊಲದವ ನನ್ನ ಕಾಕಾನ ಮಗ. ಬೈಯಲಿಲ್ಲ. ಉಳ್ಳಾಗಡ್ಡಿ ಕೈಯಾಗ ಹಿಡ್ಕೊಂಡು ಸುಮ್ಮನ ನಿಂತ. ರೊಕ್ಕ ಕೊಟ್ಟೆ, ತಗೊಂಡ. ಆದ್ರ ಎರಡು ವರ್ಷ ಸಿದ್ಧಲಿಂಗ ಮಹಾರಾಜರ ಜಾತ್ರ್ಯಾಗೂ ನನ್ನ ಕೂಡ ಮಾತಾಡಲಿಲ್ಲ. ಮಂದಿ "ನೀರು ಬಿಟ್ಟು ಮಲಕೊಂಡ" ಅಂತ ನನ್ನನ್ನ ಆಡಿಕೊಂಡ್ರು. ಐದು ರಾತ್ರಿ ಎಚ್ಚರಿದ್ದವ ಮಲಗದ ಏನು ಮಾಡ್ತಾನ? ತಪ್ಪು ನಂದು ಖರೆ. ಆದ್ರ ಆ ಹೊತ್ತಿನ್ಯಾಗ ನನ್ನನ್ನ ಅಲ್ಲಿ ಕೂಡಿಸಿದವರು ಯಾರು ಅಂತ ಯಾರೂ ಕೇಳಲಿಲ್ಲ.

ಈಗ ಕಾಯ್ದೆ ಮಾತಿಗೆ ಬರೂಣು. ರಾತ್ರಿ 10ರಿಂದ ಬೆಳಿಗ್ಗಿ 6ರ ತನಕ ಸ್ಪೀಕರ್ ಹಚ್ಚಬಾರದು ಅಂತ 2000ನೇ ಇಸ್ವಿಯೊಳಗ ಕೇಂದ್ರ ಸರ್ಕಾರ ಶಬ್ದ ಮಾಲಿನ್ಯದ ನಿಯಮ ಮಾಡ್ತು. ಯಾಕ? ಮಂದಿ ಮಲಗೋ ಹೊತ್ತು ಅಂತ. ನಮ್ಮ ಮದಿವಿ ಬ್ಯಾಂಡು, ಭಜನಿ, ಡಾಲ್ಬಿ ಎಲ್ಲಾ ಹತ್ತಕ್ಕ ಬಂದ್ ಮಾಡಸ್ತಾರ, ಮಾಡಸಲಿ. 2012ರ ಫೆಬ್ರುವರಿಯೊಳಗ ಸುಪ್ರೀಂ ಕೋರ್ಟು ದಿಲ್ಲಿ ರಾಮಲೀಲಾ ಮೈದಾನದ ಪ್ರಕರಣದಾಗ ಇನ್ನೂ ಮುಂದಕ್ಕ ಹೋತು. ಮಲಗಿದ್ದ ಮಂದಿಯನ್ನ ನಡುರಾತ್ರಿ ಎಬ್ಬಿಸಿ ಓಡಿಸಿದ ಪ್ರಕರಣ ಅದು. ನಿದ್ದಿ ಅನ್ನೂದು ಸಂವಿಧಾನದ 21ನೇ ವಿಧಿಯೊಳಗಿನ ಜೀವಿಸೋ ಹಕ್ಕಿನ ಭಾಗ ಅಂತ ತೀರ್ಪಿನ್ಯಾಗ ಹೇಳಿದ್ರು. ಹಂಗಾದ್ರ ಸ್ಪೀಕರಿಗೆ ರಾತ್ರಿ ಆಗಿರೋ ಆ ಎಂಟು ತಾಸು, ಮೋಟಾರಿಗೆ ಹೆಂಗ ಹಗಲು ಆತು? ಕಾರ್ಖಾನಿ ಕೆಲಸಗಾರಗ 1948ರಾಗನ ಕಾಯ್ದೆ ಮಾಡಿ, ವಾರಕ್ಕ 48 ತಾಸು, ಒಂದು ದಿನ ರಜಾ, ಹೆಚ್ಚಿಗಿ ದುಡದ್ರ ಡಬಲ್ ಪಗಾರ ಅಂದ್ರು. ಒಕ್ಕಲಿಗಗ ಯಾವ ಕಾಯ್ದೆ ಅದ?

ಇನ್ನ ನಮಗ ಹೇಳೋ ಉತ್ತರ ಒಂದೊಂದಾಗಿ ನೋಡೂಣು.

ಮೊದಲನೇದು, "ಪುಕ್ಕಟ ಕರೆಂಟು ತಗೊಂಡು ಟೈಮ್ ಬ್ಯಾರೆ ಕೇಳ್ತೀರಾ?" ಹತ್ತು ಎಚ್‌ಪಿ ತನಕ ಬಿಲ್ಲಿಲ್ಲ, ಒಪ್ಪಿದೆ. ಆದ್ರ ಪುಕ್ಕಟ ಹೆಂಗಾತು? ಬಿಪಿ ಗುಳಿಗಿ, ಸುಟ್ಟ ಮೋಟಾರ ಕಟ್ಟಿಸಿದ ರೊಕ್ಕ, ನೀರಾಗ ಹೋದ ಉಳ್ಳಾಗಡ್ಡಿ, ಇವೆಲ್ಲಾ ಲೆಕ್ಕ ಹಿಡೀರಿ. ಪುಕ್ಕಟ ಊಟ ಅಂತ ಹೇಳಿ ರಾತ್ರಿ ಎರಡಕ್ಕ ಎಬ್ಬಿಸಿ ಬಡಸಿದ್ರ ಉಣ್ಣೋರು ಯಾರು?

ಎರಡನೇದು, "ಹಗಲು ಮಲಗ್ರಿ, ಯಾರು ಬ್ಯಾಡಂದ್ರು?" ನಮ್ಮ ಕಡೆ ಏಪ್ರಿಲ್ ಮೇದಾಗ ತಗಡಿನ ಕೆಳಗ ಹಗಲು ಮಲಗಿ ತೋರಿಸ್ರಿ. ನೊಣ, ಫೋನು, ಬಾಗಲಾಗ ಬಂದ ಬೀಗರು. ಅದೂ ಅಲ್ಲದ, ಮೈಯೊಳಗ ಒಂದು ಗಡಿಯಾರ ಅದ. ಅದು ಹೆಂಗ ನಡೀತದ ಅಂತ ಕಂಡುಹಿಡದ ಮೂವರು ಅಮೆರಿಕಾದ ವಿಜ್ಞಾನಿಗಳಿಗೆ 2017ರಾಗ ನೊಬೆಲ್ ಕೊಟ್ರು. ಆ ಗಡಿಯಾರ ಸೂರ್ಯನ ಬೆಳಕು ನೋಡಿ ನಡೀತದ, ಕರೆಂಟಿನ ವೇಳಾಪಟ್ಟಿ ನೋಡಿ ಅಲ್ಲ. ಒಂದು ವಾರ ಹಗಲು, ಒಂದು ವಾರ ರಾತ್ರಿ ಅಂತ ತಿರುಗಿಸಿದ್ರ ಅದಕ್ಕ ದಿಕ್ಕು ತಪ್ಪತದ. ರಾತ್ರಿ ಪಾಳಿ ಕೆಲಸ ಕ್ಯಾನ್ಸರಿಗೂ ಕಾರಣ ಆಗೋ ಸಂಭವ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಾಗನ ಪಟ್ಟಿಯೊಳಗ ಸೇರಿಸೇದ.

ಮೂರನೇದು ದೊಡ್ಡದು. "ಹಗಲಿನ್ಯಾಗ ಲೋಡ್ ಹೆಚ್ಚು, ರಾತ್ರಿ ಕರೆಂಟು ಉಳೀತದ, ಅದಕ್ಕ ರಾತ್ರಿ ಕೊಡ್ತೀವಿ." ಒಂದು ಕಾಲಕ್ಕ ಇದು ಖರೆ ಮಾತು. ಕಲ್ಲಿದ್ದಲಿನ ಸ್ಥಾವರ ರಾತ್ರಿ ಆತಂತ ಆರಿಸಿ ಹೊತ್ತಸಾಕ ಬರೂದಿಲ್ಲ. ರಾತ್ರಿ ಊರೆಲ್ಲಾ ಮಲಗಿದಾಗ ಉಳಿದ ಕರೆಂಟನ್ನ ನಮ್ಮ ಮೋಟಾರಿಗೆ ತಿರುಗಿಸಿದ್ರು. ಆದ್ರ ಈಗ? ಪಾವಗಡದಾಗ ಒಂದೇ ಕಡೆ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಅದ. ಸೋಲಾರ್ ಹಗಲಿಗಷ್ಟೇ ಕರೆಂಟು ಕೊಡ್ತದ. ಕಾಲ ತಿರುಗಿ ಹಗಲಿಗೆ ಕರೆಂಟು ಹುಟ್ಟಾಕ ಹತ್ತಿದ ಮ್ಯಾಲೂ ನಮ್ಮನ್ನ ಮಾತ್ರ ರಾತ್ರಿಯೊಳಗ ಯಾಕ ಬಿಟ್ಟೀರಿ? ನಮ್ಮ ಜಿಲ್ಲಾ ಏನು ಕಡಿಮಿ ಕೊಟ್ಟದ? ಕೂಡಗಿಯೊಳಗ 2400 ಮೆಗಾವ್ಯಾಟ್, ಆಲಮಟ್ಟಿಯೊಳಗ 290 ಮೆಗಾವ್ಯಾಟ್. ಬಾಗೇವಾಡಿ, ಮುದ್ದೇಬಿಹಾಳ ಕಡೆ ಎಷ್ಟೋ ಮಂದಿ ಹೊಲಾ ಮನಿ ಕಳಕೊಂಡದ್ದು ಈ ಕರೆಂಟಿಗೇ. ಹೊಲಾ ಕೊಟ್ಟವರ ಪಾಲಿಗೆ ನಡುರಾತ್ರಿ ಕರೆಂಟು.

ಆಗೂದಿಲ್ಲ ಅನ್ನೋರು ಗುಜರಾತ ನೋಡ್ಲಿ. 2020ರ ಅಕ್ಟೋಬರದಾಗ ಅಲ್ಲಿ ಕಿಸಾನ್ ಸೂರ್ಯೋದಯ ಅಂತ ಯೋಜನಾ ತಂದು, ರೈತರ ಪಂಪಿಗೆ ನಸುಕಿನ 5ರಿಂದ ರಾತ್ರಿ 9ರೊಳಗ ಕರೆಂಟು ಕೊಡ್ತೀವಿ ಅಂದ್ರು. ಭೀಮಾ ಹೊಳಿ ಆಚಿ ದಂಡಿ ಮಹಾರಾಷ್ಟ್ರದಾಗೂ ರೈತರ ಫೀಡರನ್ನ ಸೋಲಾರ್ ಮ್ಯಾಲ ಹಗಲು ನಡಸೋ ಯೋಜನಾ ಅದ. ನಮ್ಮ ರಾಜ್ಯದಾಗೂ ಇಲ್ಲ ಅಂತಿಲ್ಲ. 2025ರ ಜೂನದಾಗ ಗೌರಿಬಿದನೂರ ತಾಲ್ಲೂಕಿನ್ಯಾಗ ಕುಸುಮ್-ಸಿ ಸೋಲಾರ್ ಘಟಕ ಮುಖ್ಯಮಂತ್ರಿಗಳೇ ಉದ್ಘಾಟನಾ ಮಾಡಿದ್ರು. ಸಬ್‌ಸ್ಟೇಷನ್ ಬಾಜು ಸೋಲಾರ್ ಹಾಕೂದು, ಅದರಿಂದ ರೈತರ ಫೀಡರಿಗೆ ಹಗಲು ಕರೆಂಟು ಕೊಡೂದು, ಇಷ್ಟೇ ಅದರ ಕೆಲಸ. ನಮ್ಮ ಇಂಡಿ ತಾಲ್ಲೂಕಿನ ಬಿಸಲು ಗೌರಿಬಿದನೂರಿಗಿಂತ ಕಡಿಮಿ ಅದ ಏನು?

ಇನ್ನ ಹಾವಿನ ಮಾತು. ಕಬ್ಬಿನ ಸಾಲಿನ್ಯಾಗ, ಲಿಂಬಿ ಮಡಿಯೊಳಗ ಕೊಳಕುಮಂಡಲ ಇರ್ತದ, ಕಟ್ಟಹಾವು ಸರದಾಡೂದು ರಾತ್ರಿನೇ. ಹಾವು ಕಡದ ಪ್ರಕರಣ ಎಲ್ಲಾ ವರದಿ ಮಾಡಬೇಕು ಅಂತ ನಮ್ಮ ಸರ್ಕಾರ 2024ರ ಫೆಬ್ರುವರಿಯೊಳಗ ಆದೇಶ ಮಾಡ್ತು. ಒಳ್ಳೆ ಕೆಲಸ. ಆದ್ರ ಕಡದ ಮ್ಯಾಲ ವರದಿ ಬರೆಯೂದಕ್ಕಿಂತ, ಹಾವು ತಿರುಗೋ ಹೊತ್ತಿನ್ಯಾಗ ನಮ್ಮನ್ನ ಹೊಲಕ್ಕ ಕಳಸದ ಇರೂದು ಸಸ್ತಾ ಅಲ್ಲೇನ್ರಿ?

ಇಷ್ಟು ಸರ್ಕಾರಕ್ಕ. ಇನ್ನ ನಮಗ ನಾವು ಹೇಳಿಕೊಳ್ಳೋ ಮಾತು. ಇದು ಸ್ವಲ್ಪ ಕಹಿ ಅದ.

ರಾತ್ರಿ ನೀರು ಬಿಡೋ ವಾರ ನಮ್ಮ ಮನಿಯಾಕಿ ಬ್ಯಾಟರಿ ಹಿಡಿಯಾಕ ಕೂಡ ಬರ್ತಾಳ, ಒಬ್ಬನೇ ಹೋಗೂದು ಬ್ಯಾಡ ಅಂತ. ಮೂರಕ್ಕ ಮನಿಗೆ ಹೋಗ್ತಾಳ, ಐದಕ್ಕ ಒಲಿ ಹೊತ್ತಸ್ತಾಳ, ರೊಟ್ಟಿ ಬಡೀತಾಳ. ನಾನು ಮಧ್ಯಾಹ್ನ ಉಂಡು ಬೇವಿನ ಗಿಡದ ಕೆಳಗ ಒಂದು ತಾಸು ಅಡ್ಡಾಗ್ತೀನಿ. ಆಕಿ ಎಲ್ಲಿ ಅಡ್ಡಾಗಬೇಕು? ಹೆಣ್ಣುಮಗಳು ಹಗಲು ತಲಿದಿಂಬು ಮುಟ್ಟಿದ್ರ "ಏನು ಜಡ್ಡ?" ಅಂತ ಕೇಳ್ತೀವಿ, ಜಡ್ಡಿಲ್ಲ ಅಂದ್ರ ಮೈಗಳ್ಳಿ ಅಂತೀವಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯೊಳಗ, ಪಗಾರ ಇಲ್ಲದ ಮನಿಗೆಲಸ ಮಾಡೋ ಹೆಣ್ಣುಮಕ್ಕಳು ಅದಕ್ಕ ದಿನಕ್ಕ 289 ನಿಮಿಷ ಕೊಡ್ತಾರ, ಅದೇ ಕೆಲಸ ಮಾಡೋ ಗಂಡಸರು ಕೊಡೂದು 88 ನಿಮಿಷ ಅಂತ ಅದ. ಮೂರು ಪಟ್ಟಿಗಿಂತ ಹೆಚ್ಚು. ಕರೆಂಟು ಕೊಡೋರು ನಮ್ಮ ನಿದ್ದಿ ಕದ್ರು ಅಂತ ಒದರೋ ನಾವು, ಮನಿಯೊಳಗ ಯಾರ ನಿದ್ದಿ ಕದ್ದೀವಿ ಅಂತ ನೋಡಬೇಕು. ಡಾಕ್ಟರ ಕಡೆಯಿಂದ ಬಂದ ಮ್ಯಾಲ ನಾ ಮಾಡಿದ್ದು ಇಷ್ಟೇ: ರಾತ್ರಿ ಪಾಳಿ ವಾರದಾಗ ಮುಂಜಾನಿ ಹಾಲು ಹಿಂಡೂದು, ಚಾ ಮಾಡೂದು ನಂದು. ಆಕಿ ಏಳು ಗಂಟಿ ತನಕ ಏಳಂಗಿಲ್ಲ. ಮೊದಲನೇ ದಿನ ಆಕಿಗೇ ನಾಚಿಕಿ ಆತು, ಬಾಜು ಮನಿಯವರು ಏನಂತಾರೋ ಅಂತ. ಅಂದ್ರ ಅನ್ನಲಿ.

ಇನ್ನೊಂದು. ನಿದ್ದಿಗೆಟ್ಟು ದುಡಿಯೂದನ್ನ ನಾವು ಗಂಡಸುತನ ಮಾಡಿಕೊಂಡೀವಿ. "ನಾ ಮೂರು ದಿನ ಮಲಗಿಲ್ಲ" ಅಂತ ಚಾದಂಗಡ್ಯಾಗ ಎದಿ ತಟ್ಟಿ ಹೇಳ್ತೀವಿ. ಅದೇ ಮನುಷ್ಯಾ ಸಂಜಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನ, ಹಿಂದ ಎರಡು ಟ್ರಾಲಿ. ಹಗಲ ಪಾಳಿ ವಾರದಾಗರೆ ಮಲಗ್ತೀವೋ ಅಂದ್ರ, ಹಾಸಿಗ್ಯಾಗ ಹನ್ನೆರಡರ ತನಕ ಮೊಬೈಲ್. ಆ ನಿದ್ದಿ ಸರ್ಕಾರ ಕದ್ದಿಲ್ಲ.

ಎಚ್ಚರ ಇರಬೇಕಾದ ರಾತ್ರಿ ಬ್ಯಾರೆ ಇರ್ತಾವ. 2024ರ ಏಪ್ರಿಲ್ 3ರ ಸಂಜಿಗೆ ನಮ್ಮೂರಾಗ ಸಣ್ಣ ಕೂಸು ಕೊಳವಿ ಬಾವ್ಯಾಗ ಬಿತ್ತು. ಆ ರಾತ್ರಿ ಲಚ್ಯಾಣದಾಗ ಮಲಗಿದವರು ಯಾರು? ಜೆಸಿಬಿ ಸಪ್ಪಳ ಕೇಳಕೋತ ಕುಂತಿವಿ. ಮರುದಿನ ಮಧ್ಯಾಹ್ನ ಕೂಸು ಜೀವಂತ ಮ್ಯಾಲ ಬಂದಾಗ ಯಾರಿಗೂ ದಣಿವು ಅನಸಲಿಲ್ಲ. ಅಂಥಾ ಎಚ್ಚರಕ್ಕ ನಾವು ಯಾವತ್ತೂ ತಯಾರ. ಜೀವ ಉಳಸಾಕ ಒಂದು ರಾತ್ರಿ ಎಚ್ಚರ ಇರೂದು ಬ್ಯಾರೆ, ಯಾರೋ ಮೇಜಿನ ಮ್ಯಾಲ ಬರದ ವೇಳಾಪಟ್ಟಿಗೆ ಜೀವಮಾನ ಎಚ್ಚರ ಇರೂದು ಬ್ಯಾರೆ.

ನಾವು ಕೇಳಬೇಕಾದ್ದು ಇಷ್ಟು.

ಒಂದು, ಕೊಡೋ ಏಳು ತಾಸು ಹಗಲಿಗೆ ಕೊಡ್ರಿ. ಎಲ್ಲಾರಿಗೂ ಒಮ್ಮೆ ಆಗೂದಿಲ್ಲ ಅಂದ್ರ ಅರ್ಧ ಫೀಡರಿಗೆ ಬೆಳಿಗ್ಗಿ 6ರಿಂದ 1, ಇನ್ನರ್ಧಕ್ಕ 11ರಿಂದ ಸಂಜಿ 6.

ಎರಡು, ನಮ್ಮ ಸಬ್‌ಸ್ಟೇಷನ್ನಿಗೆ ಕುಸುಮ್-ಸಿ ಯಾವಾಗ ಅಂತ ಬರವಣಿಗಿಯೊಳಗ ಹೇಳ್ರಿ.

ಮೂರು, ಅಲ್ಲೀತನಕ ರಾತ್ರಿ ಕೊಡೂದೇ ಆದ್ರ 11ರಿಂದ 4ರ ನಡುವ ಬ್ಯಾಡ. ವೇಳಾಪಟ್ಟಿ ತಿಂಗಳ ಮೊದಲ ತಿಳಸ್ರಿ, ಹೇಳಿದ ಹೊತ್ತಿಗೆ ಕೊಡ್ರಿ.

ನಮ್ಮ ಕಡೆಯಿಂದನೂ ಕೆಲಸ ಅದ. ಆಟೋ ಸ್ಟಾರ್ಟರ್ ಹಾಕಿ ಮಲಗೂದು ಸುಲಭ ಅಂತೀರಿ. ಕರೆಂಟು ಬಂದ ಕೂಡಲೇ ಎಲ್ಲಾ ಮೋಟಾರು ಒಮ್ಮೆ ಎದ್ರ ಟಿಸಿ ಸುಡ್ತದ, ಆಮ್ಯಾಲ ಹದಿನೈದು ದಿನ ಹಗಲೂ ಇಲ್ಲ, ರಾತ್ರಿನೂ ಇಲ್ಲ. ಒಂದು ಟಿಸಿ ಮ್ಯಾಲಿನವರು ಕೂಡಿ ಪಾಳಿ ಹಚ್ಚಿಕೊಳ್ರಿ. ಕೃಷಿ ಹೊಂಡ ಇದ್ದವರು ರಾತ್ರಿ ಅದಕ್ಕ ತುಂಬಿಸಿ, ಹಗಲು ಡ್ರಿಪ್ಪಿಗೆ ಬಿಡ್ರಿ. ಅವರ ಕರೆಂಟಿನ ಹೊತ್ತಿಗೂ ನಮ್ಮ ನಿದ್ದಿಗೂ ಜಗಳ ಅಷ್ಟರ ಮಟ್ಟಿಗೆ ತಪ್ಪತದ. ಎಲ್ಲಾರಿಗೂ ಹೊಂಡ ಇಲ್ಲ ಅನ್ನೂದು ನನಗೂ ಗೊತ್ತು, ನನಗೂ ಇಲ್ಲ.

ಮುಂದಿನ ಗ್ರಾಮಸಭಾದಾಗ ಇದನ್ನ ಠರಾವು ಮಾಡಸೂಣು. ಗಟಾರ, ಸಿಸಿ ರೋಡು ಆದ ಮ್ಯಾಲ ಕಡೀಗೆ ಕೇಳೋ ವಿಷಯ ಅಲ್ಲ ಇದು, ಮೊದಲ ಕೇಳೂಣು. ಹೆಣ್ಣುಮಕ್ಕಳನ್ನೂ ಕರಕೊಂಡು ಬರ್ರಿ, ಅವರು ಹೇಳಿದ್ರ ಅಧಿಕಾರಿಗಳಿಗೆ ಇನ್ನೂ ಚೊಲೋ ತಿಳೀತದ.

ನಮ್ಮ ಫೀಡರಿನ ಅರ್ಜಿ ಬರದು ಇಟ್ಟೀನಿ. ನನ್ನ ಕಾಕಾನ ಮಗ ಮೊದಲನೇ ಸಹಿ ಮಾಡ್ಯಾನ. ನೀವೂ ಮನಿಗೆ ಬಂದು ಸಹಿ ಮಾಡಿ ಹೋಗ್ರಿ. ಆದ್ರ ಹಗಲಿಗೆ ಬರ್ರಿ. ಈ ವಾರ ನಮ್ದು ರಾತ್ರಿ ಪಾಳಿ ಅದ, ಕತ್ತಲಾದ ಮ್ಯಾಲ ಹೊಲದಾಗೇ ಇರ್ತೀನಿ.