ವಿಡಾಲ್ ಪಾಸಿಟಿವ್, ಒಂದು ಸ್ಟ್ರಿಪ್ ಮಾತ್ರೆ: ಟೈಫಾಯಿಡ್ ಔಷಧಿ ಸವೆಯುತ್ತಿರೋದು ಹೀಗೆ

ಮಳೆಗಾಲದ ಹೊಸ ನೀರು ನಲ್ಲಿಗೆ ಬಂತೆಂದರೆ ಲ್ಯಾಬ್‌ಗಳಿಗೆ ಬಿಡುವಿಲ್ಲ. ಜ್ವರ ಅಂದ್ರೆ ವಿಡಾಲ್ ಟೆಸ್ಟ್, ವಿಡಾಲ್ ಪಾಸಿಟಿವ್ ಅಂದ್ರೆ ಟೈಫಾಯಿಡ್, ಟೈಫಾಯಿಡ್ ಅಂದ್ರೆ ಮೆಡಿಕಲ್ ಶಾಪ್‌ನಿಂದ ಒಂದು ಸ್ಟ್ರಿಪ್ ಆಂಟಿಬಯೋಟಿಕ್. ಎಷ್ಟೋ ಸಲ ನಡುವೆ ಡಾಕ್ಟರೇ ಇರಲ್ಲ.

ಮೊದಲು ಟೆಸ್ಟ್ ವಿಷಯ. ವಿಡಾಲ್ ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಹಿಂದೆ ಯಾವಾಗಲೋ ಟೈಫಾಯಿಡ್ ಬಂದು ಹೋಗಿದ್ದರೂ, ಬೇರೆ ಜ್ವರ ಇದ್ದರೂ ಪಾಸಿಟಿವ್ ತೋರಿಸಬಹುದು. ಒಂದೇ ಸಲದ ವಿಡಾಲ್ ನಂಬಿ ಮಾತ್ರೆ ನುಂಗುವುದು ಅಂದಾಜಿನ ಮೇಲೆ ಕಲ್ಲು ಹೊಡೆದಂತೆ. ರಕ್ತದ ಕಲ್ಚರ್ ಟೆಸ್ಟ್ ಮಾಡಿಸಿದರೆ ರೋಗಾಣು ಯಾವುದು, ಯಾವ ಔಷಧಿಗೆ ಬಗ್ಗುತ್ತೆ ಅನ್ನೋದೂ ಗೊತ್ತಾಗುತ್ತೆ. ರಿಪೋರ್ಟ್‌ಗೆ ಕೆಲವು ದಿನ ಬೇಕು. ಆದರೆ ಆಗಲೇ ನಾಲ್ಕು ಮಾತ್ರೆ ನುಂಗಿ ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು.

ಟೈಫಾಯಿಡ್ ರೋಗಾಣುವಿನ ಹೆಸರು ಸಾಲ್ಮೊನೆಲ್ಲಾ ಟೈಫಿ. ಮಲ ಬೆರೆತ ನೀರು, ತಿಂಡಿ ಮೂಲಕ ಹೊಟ್ಟೆಗೆ ಇಳಿದು, ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುತ್ತೆ. ಇದನ್ನು ನುಂಗಿ ಕೊಲ್ಲಬೇಕಾದ ಬಿಳಿ ರಕ್ತಕಣಗಳ ಒಳಗೇ ಅಡಗಿ ಕೂರುತ್ತೆ. ಪೊಲೀಸ್ ಠಾಣೆಯಲ್ಲೇ ಕಳ್ಳ ರೂಮ್ ಮಾಡಿಕೊಂಡ ಹಾಗೆ. ಅದಕ್ಕೇ ಜ್ವರ ಇಳಿದರೂ ಕೋರ್ಸ್ ಮುಗಿಸಬೇಕು, ಇಲ್ಲದಿದ್ದರೆ ಕೆಲವು ವಾರದಲ್ಲಿ ಮರುಕಳಿಸಬಹುದು. ಕೆಲವರ ಪಿತ್ತಕೋಶದಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಅಂಥವರಿಗೆ ಜ್ವರವಿಲ್ಲ, ಸುಸ್ತಿಲ್ಲ, ಆದರೆ ಅವರಿಂದ ಬೇರೆಯವರಿಗೆ ಹರಡುತ್ತೆ.

1948ರಿಂದ ಟೈಫಾಯಿಡ್‌ಗೆ ಕ್ಲೋರಾಂಫೆನಿಕಾಲ್ ರಾಮಬಾಣವಾಗಿತ್ತು. 1972ರಲ್ಲಿ ಪಕ್ಕದ ಕೇರಳದ ಕೋಝಿಕ್ಕೋಡ್‌ನಲ್ಲೇ ಅದಕ್ಕೆ ಬಗ್ಗದ ಟೈಫಾಯಿಡ್ ಕಾಣಿಸಿಕೊಂಡಿತು. ಆಮೇಲೆ ಸಿಪ್ರೊಫ್ಲಾಕ್ಸಾಸಿನ್ ಬಂತು, ಅದೂ ನಮ್ಮ ದೇಶದಲ್ಲಿ ಬಹುತೇಕ ಕೈಕೊಟ್ಟಿದೆ. ಈಗ ಉಳಿದಿರುವುದು ಮುಖ್ಯವಾಗಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಸೆಫಿಕ್ಸಿಮ್ ಮತ್ತು ಅಜಿತ್ರೊಮೈಸಿನ್ ಮಾತ್ರೆಗಳು. ಹೌದು, ಶೀತ, ಗಂಟಲು ನೋವು ಅಂತ ನಾವು ಹೆಸರು ಹೇಳಿ ಕೇಳಿ ತರುವ ಅದೇ ಅಜಿತ್ರೊಮೈಸಿನ್.

ಶೀತ ಬರುವುದು ವೈರಸ್‌ನಿಂದ, ಅದಕ್ಕೆ ಈ ಮಾತ್ರೆ ಏನೂ ಮಾಡಲ್ಲ. ಆದರೆ ಕರುಳಲ್ಲಿರುವ ಸಾಧು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತೆ. ತಡೆದುಕೊಳ್ಳಬಲ್ಲವು ಉಳಿದು ಬೆಳೆಯುತ್ತವೆ. ಆ ತಾಕತ್ತಿನ ವಂಶವಾಹಿಯನ್ನು ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸಬಲ್ಲವು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದ್‌ನಲ್ಲಿ ಆಗಿದ್ದು ಇದೇ ಥರ. ಬೇರೆ ಕರುಳಿನ ಬ್ಯಾಕ್ಟೀರಿಯಾದಿಂದ ಬಂದ ವಂಶವಾಹಿ ಟೈಫಾಯಿಡ್ ರೋಗಾಣುವಿಗೆ ಸೇರಿ, ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ. ಬಾಯಲ್ಲಿ ನುಂಗುವ ಔಷಧಿಗಳಲ್ಲಿ ಅಲ್ಲಿ ಉಳಿದಿದ್ದು ಅಜಿತ್ರೊಮೈಸಿನ್ ಒಂದೇ. 2019ರಲ್ಲಿ ಅಲ್ಲಿನ ಮಕ್ಕಳಿಗೆ ಸರ್ಕಾರ ಹಾಕಿಸಿದ ಲಸಿಕೆ ನಮ್ಮ ಹೈದರಾಬಾದ್‌ನ ಕಂಪನಿಯದು ಅನ್ನೋದು ಬೇರೆ ಮಾತು.

ಅಂಗಡಿಯವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡಬಾರದು ಅಂತ ಕಾನೂನಿದೆ. ಸೆಫಿಕ್ಸಿಮ್‌ನಂಥವು 2014ರಿಂದ ಎಚ್1 ಪಟ್ಟಿಯಲ್ಲಿವೆ, ಡಾಕ್ಟರ್ ಮತ್ತು ರೋಗಿಯ ಹೆಸರು ರಿಜಿಸ್ಟರ್‌ನಲ್ಲಿ ಬರೆಯಲೇಬೇಕು. ಆದರೆ ಒಬ್ಬರು ಇಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ಊರಿನ ಎಲ್ಲಾ ಮೆಡಿಕಲ್‌ನವರು ಒಂದೇ ದಿನ ಒಂದೇ ಬೋರ್ಡ್ ಹಾಕಿದರೆ ಮಾತ್ರ ಯಾರಿಗೂ ವ್ಯಾಪಾರ ಕೈತಪ್ಪಲ್ಲ. ಕೇರಳದಲ್ಲಿ ಸರ್ಕಾರವೇ ಇಂಥ ಬೋರ್ಡ್ ಹಾಕಿಸಿ ತಪಾಸಣೆಗೆ ಇಳಿದಿದೆ.

ಇನ್ನು ನೀರು. ಸಿಂಧ್‌ನಲ್ಲೂ ತಜ್ಞರ ಅನುಮಾನ ಹೋಗಿದ್ದು ಚರಂಡಿ ಬೆರೆತ ನೀರಿನ ಮೇಲೇ. ನಿಮ್ಮ ಬೀದಿಯಲ್ಲಿ ಕುಡಿಯುವ ನೀರಿನ ಪೈಪ್ ಚರಂಡಿಯೊಳಗೆ ಹಾದು ಹೋಗಿದ್ದರೆ, ಒಡೆದಿದ್ದರೆ ಫೋಟೊ ತೆಗೆದು ಪುರಸಭೆಗೋ ಪಂಚಾಯಿತಿಗೋ ಕೊಡಿ. ನಮಗೂ ಕಳಿಸಿ, ವಾರ್ಡ್ ನಂಬರ್ ಬರೆಯೋದು ಮರೀಬೇಡಿ.